ಜಗಲಿ ಕುರ್ಚಿಯ ಕಾಯಕಲ್ಪ

ಕನ್ನಡ ನಾಡಿನ ಮನೆಗಳಲ್ಲಿ ಹೊರಗಿನ ಕುರ್ಚಿಯನ್ನು ಸಾಮಾನ್ಯವಾಗಿ ಯಾರೂ ಕೊಂಡು ತರುವುದಿಲ್ಲ. ಅದು ಒಳಗಿನಿಂದ ಹಿಂಬಡ್ತಿ ಪಡೆದು ಹೊರಗೆ ಬರುತ್ತದೆ. ನಡುಮನೆಗೆ ಹೊಸ ಸೋಫಾ ಬಂದ ದಿನ ಬೆತ್ತದ ಕುರ್ಚಿಗೆ ಜಗಲಿಯ ದಾರಿ ತೋರಿಸಲಾಗುತ್ತದೆ. ಜಗಲಿಗೆ ಇನ್ನೊಂದು ಬಂದಾಗ ಅದು ಹಿತ್ತಲಿಗೆ ಇಳಿಯುತ್ತದೆ. ಒಗೆಯುವ ಕಲ್ಲಿನ ಪಕ್ಕ ಬಕೆಟ್ ಹೊತ್ತು ಒಂದೆರಡು ಮಳೆಗಾಲ ಕಳೆದ ಮೇಲೆ ತಾರಸಿ ಸೇರುತ್ತದೆ. ನೀರಿನ ಟ್ಯಾಂಕಿನ ಸಂದಿಯಿಂದ ಮುಂದಿನ ನಿಲ್ದಾಣ ಗುಜರಿಯವನ ತಳ್ಳುಗಾಡಿ. ಈ ಇಳಿಜಾರಿನಲ್ಲಿ ಎಲ್ಲೋ ಒಂದು ಕಡೆ ಕುರ್ಚಿಯನ್ನು ತಡೆದು, ಉಜ್ಜಿ, ಬಣ್ಣ ಬಳಿದು, ಒಂದು ಮೆಟ್ಟಿಲು ಮೇಲೆ ಹತ್ತಿಸುವ ಕೆಲಸವೇ ಕಾಯಕಲ್ಪ. ಅದಕ್ಕೆ ಬೇಕಾದ ಸಾಮಗ್ರಿ ಮಕ್ಕಳ ಕ್ರಾಫ್ಟ್ ಡಬ್ಬಿಯಲ್ಲಿ, ಬೀದಿಕೊನೆಯ ಹಾರ್ಡ್‌ವೇರ್ ಅಂಗಡಿಯಲ್ಲಿ, ಹಳೇ ಸೀರೆಯ ಗಂಟಿನಲ್ಲಿ ಸಿಗುತ್ತದೆ. ಬೇಕಾದ ತಾಳ್ಮೆ ಮಾತ್ರ ಈ ಮೂರೂ ಕಡೆ ಸಿಗುವುದಿಲ್ಲ.

ಕಾಯಕಲ್ಪಕ್ಕೆ ಅರ್ಹವಾದ ವಸ್ತುಗಳು ಸ್ಥೂಲವಾಗಿ ಐದು: ಪ್ಲಾಸ್ಟಿಕ್ ಕುರ್ಚಿ, ಕಬ್ಬಿಣದ ಮಡಚು ಕುರ್ಚಿ, ಬೆತ್ತದ ಕುರ್ಚಿ, ಮರದ ಬೆಂಚು ಅಥವಾ ಸ್ಟೂಲು, ಅಜ್ಜನ ಕಾಲದ ಆರಾಮ ಕುರ್ಚಿ. ಕಲ್ಲು ಬೆಂಚನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಅದು ಹಾಳಾಗುವುದೂ ಇಲ್ಲ, ಚಂದವಾಗಬೇಕೆಂದು ಬಯಸುವುದೂ ಇಲ್ಲ.

ಇಂಥ ಕೆಲಸದ ಉಮೇದು ಹುಟ್ಟುವುದು ಹಬ್ಬದ ಹಿಂದಿನ ವಾರ, ಇಲ್ಲವೇ ಬೀಗರು ಬರುತ್ತಾರೆಂಬ ಫೋನು ಬಂದ ದಿನ. ಎರಡೂ ಕೆಟ್ಟ ಮುಹೂರ್ತಗಳು. ಬಣ್ಣಕ್ಕೆ ಬೇಕಾದ್ದು ಒಣ ಹವೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ದಿನಗಳಲ್ಲಿ ಎನಾಮಲ್ ಬಳಿಸಿಕೊಂಡ ಕುರ್ಚಿ ಚೌತಿಗೆ ಬಂದವರ ಪಂಚೆಯನ್ನು ಹಿಡಿದುಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನವೂ ಸಲ್ಲದು. ಮೇಲಿನ ಪದರ ಬೇಗ ಒಣಗಿ ಒಳಗಿನದು ಹಸಿಯಾಗಿಯೇ ಉಳಿದು ಬಣ್ಣ ಸುಕ್ಕುಗಟ್ಟುತ್ತದೆ. ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿಯವರೆಗೆ, ಬೆಳಗಿನ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಮಾಡುವುದು ಉತ್ತಮ.

ಮೊದಲ ಹಂತ ಪರೀಕ್ಷೆ. ಬಣ್ಣದಿಂದ ಮುಖ ಸರಿಹೋದೀತು, ಮೂಳೆ ಸರಿಹೋಗುವುದಿಲ್ಲ. ಮರದ ಕಾಲನ್ನು ನೆಲಕ್ಕೆ ಕುಟ್ಟಿದಾಗ ಸಣ್ಣ ತೂತುಗಳಿಂದ ನುಣ್ಣನೆಯ ಹುಡಿ ಉದುರಿದರೆ ಒಳಗೆ ಇನ್ನೂ ಬಾಡಿಗೆದಾರರಿದ್ದಾರೆ ಎಂದರ್ಥ. ತೂತುಗಳಿಗೆ ಹುಳದ ಔಷಧಿ ಬಿಟ್ಟು ಕೆಲವು ದಿನ ಕಾಯಬೇಕು. ಬೆರಳಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಗೆದ್ದಲಿನ ಕೆಲಸ ಮುಗಿದಿದೆ, ಮನುಷ್ಯರ ಕೆಲಸಕ್ಕೆ ಏನೂ ಉಳಿದಿಲ್ಲ. ಕುರ್ಚಿ ಕುಂಟುತ್ತಿದ್ದರೆ ಮೊದಲು ನೆಲವನ್ನು ಅನುಮಾನಿಸಬೇಕು. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುವುದರಿಂದ ಮೂರು ಕಾಲಿನ ಸ್ಟೂಲು ಎಂಥ ಅಂಗಳದಲ್ಲೂ ಕುಂಟುವುದಿಲ್ಲ. ನಾಲ್ಕು ಕಾಲಿನವಕ್ಕೆ ಆ ಭಾಗ್ಯವಿಲ್ಲ. ಜಾಗ ಬದಲಿಸಿದರೂ ಕುಂಟಿದರೆ ಗಿಡ್ಡ ಕಾಲಿಗೊಂದು ರಬ್ಬರ್ ಬುಷ್ ಹಾಕಿದರಾಯಿತು. ಉದ್ದದ ಕಾಲನ್ನು ಕೊಂಚವೇ ಕೊಯ್ಯುತ್ತೇನೆಂದು ಗರಗಸ ಹುಡುಕಲು ಹೊರಟ ಯಜಮಾನರನ್ನು ಮನೆಯವರು ಕಾಫಿಗೆ ಕೂರಿಸುವುದು ಕ್ಷೇಮ.

ಎರಡನೆಯ ಹಂತ ತೊಳೆಯುವುದು ಮತ್ತು ಉಜ್ಜುವುದು. ಒಟ್ಟು ಶ್ರಮದ ಮುಕ್ಕಾಲು ಪಾಲು ಇಲ್ಲೇ ಇದೆ, ಆದರೆ ನೋಡಲು ಬಂದವರ ಕಣ್ಣಿಗೆ ಇದರಲ್ಲಿ ಕಾಸಿನಷ್ಟೂ ಬೀಳುವುದಿಲ್ಲ. ಹಾಗಾಗಿ ಎಲ್ಲರೂ ಇದನ್ನು ಹಾರಿಸಿ ನೇರ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಹಾರಿಸಿದರೆ ಏನಾಗುತ್ತದೆಂದು ತಿಳಿಯಲು ಮತ ಹಾಕಿದ ಬೆರಳನ್ನು ನೋಡಿಕೊಂಡರೆ ಸಾಕು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ಅಲ್ಲೇ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆಗೇ ಕೂಡಿಕೊಂಡು ಕಪ್ಪಾಗುವುದರಿಂದ ಎಷ್ಟು ತಿಕ್ಕಿದರೂ ಗುರುತು ಹೋಗುವುದಿಲ್ಲ. ಕುರ್ಚಿಯ ಬಣ್ಣಕ್ಕೆ ಅಂಥ ರಕ್ತಸಂಬಂಧ ಯಾವುದೂ ಇಲ್ಲ. ಅದು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಸಿಕ್ಕಿದ್ದು ಧೂಳಾದರೆ ಧೂಳಿನ ಸಮೇತ ಎದ್ದು, ಕೂತವರ ಬೆನ್ನಿಗೆ ವರ್ಗವಾಗುತ್ತದೆ.

ಆದ್ದರಿಂದ ಸೋಪಿನ ನೀರು, ತೆಂಗಿನ ನಾರು, ಆಮೇಲೆ ಚೆನ್ನಾಗಿ ಒಣಗಿಸಿ ಉಪ್ಪುಕಾಗದ. ಅಂಗಡಿಯಲ್ಲಿ "ಒಂದು ಉಪ್ಪುಕಾಗದ ಕೊಡಿ" ಎಂದವರಿಗೆ "ಎಷ್ಟನೇ ನಂಬರು ಸಾರ್?" ಎಂಬ ಪ್ರಶ್ನೆ ಎದುರಾಗುತ್ತದೆ, ಬಹಳ ಮಂದಿ ಇಲ್ಲೇ ಫೇಲಾಗುತ್ತಾರೆ. ನಂಬರು ಹೆಚ್ಚಿದಷ್ಟೂ ಕಾಗದ ನುಣುಪು. ಹಳೇ ಬಣ್ಣ ಕೆರೆಯಲು 80, ಗೀರು ಮರೆಸಲು 120, ಬಣ್ಣಕ್ಕೆ ಮೈ ಹದಮಾಡಲು 220. ಮರವನ್ನು ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡಡ್ಡ ಉಜ್ಜಿದರೆ ಗೀರು ಬಣ್ಣದ ಮೇಲೂ ಕಾಣುತ್ತದೆ. ಇಲ್ಲಿ ಒಂದು ವಿಷಯದಲ್ಲಿ ತಮಾಷೆ ಸಲ್ಲದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಪದರಗಳಲ್ಲಿ ಸೀಸ ಇರಬಹುದಾದ್ದರಿಂದ ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರವಿಟ್ಟು ಉಜ್ಜಬೇಕು.

ಮುಂದಿನ ಉಪಚಾರ ಆಯಾ ಜಾತಿಗೆ ತಕ್ಕಂತೆ ಬೇರೆ ಬೇರೆ. ಪ್ಲಾಸ್ಟಿಕ್ ಕುರ್ಚಿಯ ವಂಶಾವಳಿ ಫ್ರಾನ್ಸಿನಲ್ಲಿದೆ. ಹೆನ್ರಿ ಮ್ಯಾಸೊನೆ ಎಂಬವರು 1972ರಲ್ಲಿ ಒಂದೇ ಅಚ್ಚಿನಲ್ಲಿ ಇಡೀ ಕುರ್ಚಿ ಎರಕವಾಗುವ ಮಾದರಿಯನ್ನು ಹೊರತಂದರು. ಅದರ ಸಂತತಿ ಇಂದು ಕಲ್ಯಾಣ ಮಂಟಪದಿಂದ ಗ್ರಾಮಸಭೆಯವರೆಗೆ ಹರಡಿದೆ. ಪಾಲಿಪ್ರೊಪಿಲೀನ್ ಎಂಬ ಆ ಪ್ಲಾಸ್ಟಿಕ್ಕಿಗೆ ಬಿಸಿಲೇ ಶತ್ರು. ವರ್ಷಗಟ್ಟಲೆ ಬಿಸಿಲು ಕುಡಿದರೆ ಮೈಮೇಲೆ ಸುಣ್ಣದ ಪುಡಿಯಂತೆ ಬೆಳ್ಳಗಾಗುತ್ತದೆ, ಕೊನೆಗೊಂದು ದಿನ ದಪ್ಪನೆಯ ನೆಂಟರು ಕೂತಾಗ ಹಿಂಗಾಲು ಮೆಲ್ಲಗೆ ಅಗಲವಾಗುತ್ತದೆ. ಕಾಲಿನಲ್ಲಿ ಬಿರುಕು ಕಂಡ ಕುರ್ಚಿಗೆ ಬಣ್ಣ ಬಳಿಯುವುದು ಕೂರುವವರಿಗೆ ಮಾಡುವ ಮೋಸ. ಗಟ್ಟಿಯಿದ್ದರೆ ಮಾತ್ರ ಮುಂದುವರಿಯಬಹುದು. ಈ ಪ್ಲಾಸ್ಟಿಕ್ ಮಾಮೂಲಿ ಬಣ್ಣವನ್ನು ಹತ್ತಿರ ಸೇರಿಸುವುದಿಲ್ಲ, ಉಗುರು ತಾಗಿದರೆ ಹಾಳೆಹಾಳೆಯಾಗಿ ಬಿಡುತ್ತದೆ. ಉಪ್ಪುಕಾಗದದಿಂದ ತರಿಮಾಡಿ ಪ್ಲಾಸ್ಟಿಕ್ಕಿನ ಪ್ರೈಮರ್ ಹೊಡೆದು, ಪ್ಲಾಸ್ಟಿಕ್ಕಿಗೆಂದೇ ಬರುವ ಸ್ಪ್ರೇ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಾಯಿಸಬೇಕು.

ಕಬ್ಬಿಣದ ರೋಗ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಮೇಲಿನ ಬಣ್ಣ ಗುಳ್ಳೆಯೆದ್ದು ಸಿಡಿಯುವುದು. ತಂತಿ ಬ್ರಷ್ಷಿನಿಂದ ತಿಕ್ಕಿ, ಎಮರಿ ಕಾಗದ ಆಡಿಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ ರಾತ್ರಿ ಕಳೆಯುವುದರೊಳಗೆ ಹೊಸ ತುಕ್ಕು ಹಾಜರಾಗುತ್ತದೆ. ಮಡಚುವ ಕೀಲಿಗೆ ಬಣ್ಣ ಹಚ್ಚದೆ ಎರಡು ಹನಿ ಎಣ್ಣೆ ಬಿಡಬೇಕು; ಉತ್ಸಾಹದಲ್ಲಿ ಅಲ್ಲಿಗೂ ಬಳಿದರೆ ಮಡಚು ಕುರ್ಚಿ ಶಾಶ್ವತವಾಗಿ ಮಡಚಿಯೋ ಬಿಚ್ಚಿಯೋ ಉಳಿಯುತ್ತದೆ.

ಬೆತ್ತ ಮರವಲ್ಲ, ತಾಳೆಯ ಕುಲಕ್ಕೆ ಸೇರಿದ ಬಳ್ಳಿ. ಹೆಣಿಗೆ ಹರಿಯದೆ ಬರೀ ಜೋತುಬಿದ್ದಿದ್ದರೆ ಖರ್ಚಿಲ್ಲದ ಮದ್ದು ಒಂದಿದೆ. ಕುರ್ಚಿಯನ್ನು ಬೋರಲು ಹಾಕಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹೆಣಿಗೆಯ ಅಡಿಭಾಗವನ್ನು ಚೆನ್ನಾಗಿ ತೋಯಿಸಿ ಒಣಗಲು ಬಿಟ್ಟರೆ ಬೆತ್ತ ಕುಗ್ಗಿ ಮತ್ತೆ ಬಿಗಿಯಾಗುತ್ತದೆ. ಒಣಗುವ ಮುಂಚೆ ಯಾರಾದರೂ ಕೂತುಬಿಟ್ಟರೆ ಅವರ ಆಕಾರಕ್ಕೇ ಬಿಗಿಯಾಗುತ್ತದೆ, ಆಮೇಲೆ ಆ ಕುರ್ಚಿ ಅವರೊಬ್ಬರದೇ. ಹೆಣಿಗೆ ಹರಿದಿದ್ದರೆ ಬುಟ್ಟಿ ಹೆಣೆಯುವ ಮೇದಾರರನ್ನು ಹುಡುಕುವುದೇ ಮೇಲು. ಆರಾಮ ಕುರ್ಚಿಯದು ಸುಲಭದ ಕೇಸು: ದಪ್ಪ ಕ್ಯಾನ್‌ವಾಸ್ ಬಟ್ಟೆಯನ್ನು ಹಳೆಯದರ ಅಳತೆಗೆ ಕತ್ತರಿಸಿ, ಎರಡೂ ತುದಿಯಲ್ಲಿ ಕೋಲು ತೂರುವಷ್ಟು ಮಡಿಕೆ ಬಿಟ್ಟು, ಜೋಡಿ ಹೊಲಿಗೆ ಹಾಕಿಸಿದರೆ ಮುಗಿಯಿತು. ಹೊಲಿಗೆಯ ಬಲ ಪರೀಕ್ಷಿಸಲು ಮೊದಲು ಅಳಿಯನನ್ನು ಕೂರಿಸುವ ಪದ್ಧತಿ ಕುಟುಂಬದ ಸೌಖ್ಯಕ್ಕೆ ಒಳ್ಳೆಯದಲ್ಲ.

ಕೂರುವ ಜಾಗವೇ ಇಲ್ಲದೆ ಬರೀ ಕಬ್ಬಿಣದ ಚೌಕಟ್ಟು ಉಳಿದಿದ್ದರೆ ತರಕಾರಿ ಬುಟ್ಟಿ ಹೆಣೆಯುವ ಪ್ಲಾಸ್ಟಿಕ್ ವೈರು ಕೈಹಿಡಿಯುತ್ತದೆ. ವೈರಿನ ಬುಟ್ಟಿ ಹಾಕಲು ಬಲ್ಲ ಅತ್ತೆಯೋ ಚಿಕ್ಕಮ್ಮನೋ ಎಲ್ಲ ಬಳಗದಲ್ಲೂ ಒಬ್ಬರಿರುತ್ತಾರೆ, ಅವರ ವಿದ್ಯೆಗೆ ಈಚೆಗೆ ಗಿರಾಕಿಗಳಿಲ್ಲ. ಉದ್ದಕ್ಕೆ ಬಿಗಿಯಾಗಿ ಎಳೆ ಸುತ್ತಿ, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ತೂರಿಸುತ್ತ ಬಂದರೆ ಆಸನ ಸಿದ್ಧ. ಅರ್ಧ ಹೆಣೆದಾಗ ನೀಲಿ ವೈರು ಮುಗಿಯುತ್ತದೆ, ಅಂಗಡಿಯಲ್ಲಿ ಅದೇ ನೀಲಿ ಇರುವುದಿಲ್ಲ, ಹಳದಿ ತರಲಾಗುತ್ತದೆ. ಈ ಬಗೆಯ ಕುರ್ಚಿಗಳಲ್ಲಿ ಕಾಣುವ ಪಟ್ಟೆಪಟ್ಟೆ ವಿನ್ಯಾಸಕ್ಕೆ ಇದೇ ಮೂಲ.

ಮೂರನೆಯ ಹಂತ ಬಣ್ಣ. ಎನಾಮಲ್ 50 ಮತ್ತು 100 ಮಿಲಿಲೀಟರಿನ ಪುಟ್ಟ ಡಬ್ಬಿಗಳಲ್ಲೂ ಸಿಗುತ್ತದೆ. ಒಂದು ಕುರ್ಚಿಗೆ 200 ಮಿಲಿಲೀಟರ್ ಸಾಕು. ಆದರೂ ಲೆಕ್ಕದಲ್ಲಿ ಅಗ್ಗವೆಂದು ಒಂದು ಲೀಟರೇ ಮನೆಗೆ ಬರುತ್ತದೆ. ಉಳಿದದ್ದು ದಂಡವಾಗಬಾರದೆಂದು ಹೂಕುಂಡ, ಗೇಟು, ಸೈಕಲ್ಲಿನ ಮಡ್‌ಗಾರ್ಡು, ಬಾವಿಯ ರಾಟೆ, ಕೊನೆಗೆ ನಾಯಿಯ ಗೂಡು ಎಲ್ಲವೂ ಗಿಳಿಹಸಿರಾಗುತ್ತವೆ. ಬ್ರಷ್ಷಿನಲ್ಲಿ ಉಳಿತಾಯ ಮಾಡಿದರೆ ಅದರ ಕೂದಲು ಬಣ್ಣದೊಳಗೆ ಖಾಯಂ ನಿವಾಸಿಯಾಗುತ್ತದೆ. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳುವಾಗಿ ಎರಡು ಸಲ ಬಳಿಯಬೇಕು, ನಡುವೆ ಒಂದು ರಾತ್ರಿ ಬಿಡಬೇಕು. ಕೆಲಸ ಮುಗಿದೊಡನೆ ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ತೊಳೆಯದಿದ್ದರೆ ಮರುದಿನ ಅದು ಗೋಡೆಗೆ ಮೊಳೆ ಹೊಡೆಯುವಷ್ಟು ಗಟ್ಟಿಯಾಗಿರುತ್ತದೆ.

ನಾಲ್ಕನೆಯ ಹಂತ ಅಲಂಕಾರ. ಕ್ರಾಫ್ಟ್ ಡಬ್ಬಿಗೆ ಕೆಲಸ ಬರುವುದು ಈಗ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರದ ಗೆರೆಗಳು ಕುರ್ಚಿಯ ಬೆನ್ನಿಗೂ ಒಪ್ಪುತ್ತವೆ. ಇಟ್ಟಿಗೆ ಬಣ್ಣದ ಎನಾಮಲ್ ಚೆನ್ನಾಗಿ ಒಣಗಿದ ಮೇಲೆ 320ರ ಕಾಗದದಿಂದ ಹೊಳಪು ಮುರಿದು, ಬಿಳಿ ಅಕ್ರಿಲಿಕ್‌ನಲ್ಲಿ ಬರೆದು, ಮೇಲೆ ಹೊರಾಂಗಣದ ವಾರ್ನಿಷ್ ಕೊಡಬೇಕು. ಚಿತ್ತಾರದ ಗೆರೆ ಅಡಿಪಟ್ಟಿ ಇಲ್ಲದೆ ನೆಟ್ಟಗೆ ಬರಲು ಆ ಹೆಣ್ಣುಮಕ್ಕಳ ಕೈಯೇ ಬೇಕು. ಉಳಿದವರು ಅಂಟುಪಟ್ಟಿ ಹಚ್ಚಿಕೊಂಡು ಎಳೆಯುವುದು ಮರ್ಯಾದೆ.

ಕಾಗದದ ಚಿತ್ರ ಅಂಟಿಸುವುದು ಇನ್ನೊಂದು ಬಗೆ. ಅದಕ್ಕೆ ಪ್ರತಿ ಮನೆಯಲ್ಲೂ ತೀರದ ದಾಸ್ತಾನು ಇದೆ: ಮದುವೆಯ ಕರೆಯೋಲೆಗಳು. ತೊಡಕೆಂದರೆ ಅವುಗಳಲ್ಲಿ ಅತಿ ಚಂದದ ಚಿತ್ರ ಗಣಪತಿಯದು ಅಥವಾ ತಿರುಪತಿ ತಿಮ್ಮಪ್ಪನದು, ಅದನ್ನು ಕೂರುವ ಜಾಗದಲ್ಲಿ ಅಂಟಿಸುವ ಹಾಗಿಲ್ಲ. ಅಂಚಿನ ಬಳ್ಳಿ, ನವಿಲು, ಮಾವಿನಕಾಯಿ ಇಷ್ಟನ್ನೇ ಕತ್ತರಿಸಿಕೊಳ್ಳಬೇಕಾಗುತ್ತದೆ. ಅಂಟಿನ ವಿಷಯದಲ್ಲೂ ಎಚ್ಚರ ಬೇಕು. ಶಾಲೆಯ ಕ್ರಾಫ್ಟಿಗೆ ಬಳಸುವ ಬಿಳಿ ಅಂಟು ಒಣಗಿದ ಮೇಲೂ ನೀರು ಬಿದ್ದರೆ ಮೆತ್ತಗಾಗುತ್ತದೆ. ಜಗಲಿಯ ಕುರ್ಚಿಗೆ ನೀರು ತಡೆಯುವ ದರ್ಜೆಯದನ್ನೇ ಕೇಳಿ ತರಬೇಕು. ಇಲ್ಲದಿದ್ದರೆ ಮೊದಲ ಮಳೆಗೆ ನವಿಲು ಹಾರಿಹೋಗುತ್ತದೆ. ದಿಂಬಿಗೆ ಉತ್ತರ ಕರ್ನಾಟಕದ ಕೌದಿಯನ್ನು ಮೀರಿದ ಬಟ್ಟೆಯಿಲ್ಲ. ಹಳೇ ಸೀರೆ, ಪಂಚೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಹೊಲಿಗೆ ಹಾಕಿದ ಅದು ಬಿಸಿಲಿಗೆ ಮಾಸಿದರೂ ಚಂದವೇ.

ಐದನೆಯ ಹಂತ ಒಣಗಿಸುವುದು, ಇದೇ ಎಲ್ಲಕ್ಕಿಂತ ಕಷ್ಟ. ಬೆರಳಿಗೆ ಹತ್ತದಷ್ಟು ಒಣಗಲು ಎನಾಮಲ್‌ಗೆ ಕೆಲವೇ ಗಂಟೆ ಸಾಕು. ಕೂತು ಏಳುವಷ್ಟು ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. "ಬಣ್ಣ ಹಸಿಯಿದೆ" ಎಂಬ ಚೀಟಿ ಅಂಟಿಸಿದರೆ ಅದನ್ನು ಓದಿದವರೆಲ್ಲ ಮುಟ್ಟಿ ನೋಡುತ್ತಾರೆ, ಚೀಟಿ ಇಲ್ಲದಿದ್ದರೆ ಕೂತುಬಿಡುತ್ತಾರೆ. ಎದುರು ಮನೆಯ ಮಾವ ಗೇಟಿನಿಂದಲೇ "ಒಣಗಿತೇನಮ್ಮಾ?" ಎಂದು ವಿಚಾರಿಸುತ್ತ ಬಂದು, ಉತ್ತರ ಬರುವುದರೊಳಗೆ ತೋಳಿನ ಮೇಲೆ ಹೆಬ್ಬೆರಳು ಒತ್ತಿ, "ಇನ್ನೂ ಇಲ್ಲ" ಎಂದು ತೀರ್ಪು ಕೊಟ್ಟು, ಬೆರಳನ್ನು ಕಾಂಪೌಂಡಿಗೆ ಒರೆಸಿ ಹೋಗುತ್ತಾರೆ. ಕೆಳಗೆ ಹಾಸಿದ ಹಳೇ ಪೇಪರು ಕಾಲಿಗೆ ಅಂಟುವುದರಿಂದ ಕಾಲುಗಳಡಿ ಸೋಡಾ ಬಾಟಲಿಯ ಬಿರಡೆ ಇಟ್ಟರೆ ವಾಸಿ.

ಖರ್ಚಿನ ಲೆಕ್ಕ ಪ್ರಾಮಾಣಿಕವಾಗಿ ಹಾಕಿದರೆ ಒಂದೇ ಪ್ಲಾಸ್ಟಿಕ್ ಕುರ್ಚಿಗೆ ಪ್ರೈಮರು, ಸ್ಪ್ರೇ ಎಲ್ಲ ಸೇರಿ ಹೊಸ ಕುರ್ಚಿಯ ಬೆಲೆಯ ಹತ್ತಿರ ಬರುತ್ತದೆ. ನಾಲ್ಕಾರು ಕುರ್ಚಿ ಒಟ್ಟಿಗೆ ಮಾಡಿದರೆ ಮಾತ್ರ ಗಿಟ್ಟುತ್ತದೆ. ಬೆತ್ತ, ಕಬ್ಬಿಣ, ಗಟ್ಟಿ ಮರ ಇವುಗಳಲ್ಲಿ ಉಳಿತಾಯ ನಿಜವಾದದ್ದು, ಏಕೆಂದರೆ ಅಂಥವನ್ನು ಈಗ ಹೊಸದಾಗಿ ಕೊಳ್ಳಲು ಹೋದರೆ ಬೆಲೆ ಕೇಳಿಯೇ ಕೂರಬೇಕಾಗುತ್ತದೆ. ಗುಣವಾಗದ ಕಬ್ಬಿಣವನ್ನು ತೂಕಕ್ಕೆ ಹಾಕಬಹುದು. ಗುಣವಾಗದ ಮರಕ್ಕೆ ಹಳೇ ಬಣ್ಣವಿದ್ದರೆ ಬಚ್ಚಲೊಲೆಗೆ ಹಾಕಕೂಡದು, ಸೀಸ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ.

ಕೊನೆಯದು ಪಾಲನೆ. ಮಳೆಗಾಲದಲ್ಲಿ ಇರಚಲು ಬೀಳದ ಕಡೆ ಸರಿಸುವುದು, ದಿಂಬನ್ನು ಸಂಜೆ ಒಳಗೆ ತರುವುದು, ಮಳೆ ಮುಗಿದ ಮೇಲೆ ಎಲ್ಲಾದರೂ ಬಣ್ಣ ಎದ್ದಿದ್ದರೆ ಅಷ್ಟಕ್ಕೇ ತೇಪೆ ಹಾಕುವುದು, ಇಷ್ಟೇ. ತೇಪೆಗೆ ಉಳಿದ ಬಣ್ಣದ ಡಬ್ಬಿಯನ್ನು ಮುಚ್ಚಳ ಬಡಿದು ಭದ್ರವಾಗಿ ಇಡಬೇಕು, ಮೇಲೆ ಬಣ್ಣದ ಹೆಸರು ಮತ್ತು ನಂಬರನ್ನು ಬರೆದಿರಬೇಕು. ಬರೆಯದಿದ್ದರೆ ಅಂಗಡಿಯಲ್ಲಿ ಅದೇ ಹಸಿರು ಯಾವುದೆಂದು ಹೇಳಲಾಗದೆ ಬೇರೆ ಹಸಿರು ಬರುತ್ತದೆ, ತೇಪೆ ಎದ್ದು ಕಾಣುತ್ತದೆ, ಇಡೀ ಕುರ್ಚಿಯನ್ನು ಮತ್ತೆ 80ರ ಉಪ್ಪುಕಾಗದದಿಂದ ಉಜ್ಜಬೇಕಾಗುತ್ತದೆ.