ಓಮ್ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ

ಎಲ್‌ಇಡಿ ಬಂದ ಮೇಲೆ ಪಿಯು ಕಾಲೇಜೊಂದರ ಭೌತವಿಜ್ಞಾನ ಲ್ಯಾಬಿನ ಬೀರು ಸೇರಿರುವ 60 ವ್ಯಾಟಿನ ಹಳೇ ಬಲ್ಬು ಮಾತಿಗೆ ಸಿಕ್ಕಿತು.

ಪ್ರಶ್ನೆ: ತಾವು ಓಮ್ ನಿಯಮ ಪಾಲಿಸುವುದಿಲ್ಲ ಎಂಬ ದೂರಿದೆ.

ಬಲ್ಬು: ದೂರು ಕೊಟ್ಟಿದ್ದು ಪಠ್ಯಪುಸ್ತಕ ತಾನೆ? ‘ತಾಪ ಬದಲಾಗದಿದ್ದರೆ’ ಅಂತ ಅದರಲ್ಲೇ ಬರೆದಿದೆ ನೋಡಿ. ಹತ್ತಿರ ಹತ್ತಿರ 2,500 ಡಿಗ್ರಿ ಕಾಯೋದೇ ನನ್ನ ಉದ್ಯೋಗ. ನನಗೆಲ್ಲಿ ಅನ್ವಯಿಸತ್ತೆ, ಸ್ವಾಮಿ?

ಪ್ರಶ್ನೆ: ಲೆಕ್ಕಪತ್ರವೂ ಸರಿಯಿಲ್ಲವಂತೆ.

ಬಲ್ಬು: ತಣ್ಣಗೆ ಕೂತಿದ್ದೆ, ಒಬ್ಬ ಹುಡುಗ ಮಲ್ಟಿಮೀಟರ್ ಹಿಡಿದ. 65 ಓಮ್ ಬಂತು. 230 ವೋಲ್ಟನ್ನ ಭಾಗಿಸಿದ, ಮೂರೂವರೆ ಆಂಪಿಯರ್. ಗುಣಿಸಿದ, 800 ವ್ಯಾಟ್! ‘ಸಾರ್, ಇದು ಬಲ್ಬಲ್ಲ, ಇಸ್ತ್ರಿ ಪೆಟ್ಟಿಗೆ’ ಅಂದ. ಉರಿಯುವಾಗ ನನ್ನ ರೋಧ 880 ಓಮ್ ಆಸುಪಾಸು, ಕರೆಂಟು ಕಾಲು ಆಂಪಿಯರ್ ಚಿಲ್ಲರೆ. ಹಾಗಂತ ಹುಡುಗ ಪೂರ್ತಿ ತಪ್ಪೂ ಅಲ್ಲ. ಸ್ವಿಚ್ ಒತ್ತಿದ ಆ ಮೊದಲ ಕ್ಷಣ ಅಷ್ಟನ್ನೂ ನುಂಗೇ ನುಂಗ್ತೀನಿ. ನಮ್ಮವರು ಬಹಳ ಜನ ಪ್ರಾಣ ಬಿಡೋದೂ ಆಗಲೇ.

ಪ್ರಶ್ನೆ: ವೋಲ್ಟೇಜ್ ಅರ್ಧ ಮಾಡಿದರೆ ಕರೆಂಟೂ ಅರ್ಧ ಆಗಬೇಕಲ್ಲ?

ಬಲ್ಬು: ಆಗಲ್ಲ. ಮೂರರಲ್ಲಿ ಎರಡು ಪಾಲು ಉಳಿಯತ್ತೆ. ತಂತಿಯ ಕಾವು ಇಳಿದಷ್ಟೂ ರೋಧ ಇಳಿಯತ್ತಲ್ಲ, ಅದಕ್ಕೆ. ನಿಜವಾಗಿ ಅಳೆದರೆ ಗ್ರಾಫು ಬಾಗಲೇಬೇಕು. ಆದರೆ ನಮ್ಮ ಮಕ್ಕಳು ಜಾಣರು. ಮೊದಲು ಸ್ಕೇಲಿಟ್ಟು ಗೆರೆ ಎಳೀತಾರೆ, ಆಮೇಲೆ ಅದರ ಮೇಲೆ ಚುಕ್ಕಿ ಇಡ್ತಾರೆ. ಅಂಕವೂ ಬರತ್ತೆ.

ಪ್ರಶ್ನೆ: ಪಕ್ಕದ ಡಬ್ಬಿಯ ಡಯೋಡ್ ಹೇಗೆ?

ಬಲ್ಬು: ಸಿಲಿಕಾನ್ ಕುಲ, ಗತ್ತು ಜಾಸ್ತಿ. ಅರ್ಧ ವೋಲ್ಟಿನ ತನಕ ಮಿಸುಕಾಡಿದ್ದೇ ಕಾಣಲ್ಲ. 0.6 ದಾಟಿತೋ, ಚೂರು ವೋಲ್ಟೇಜ್ ಏರಿದರೂ ಕರೆಂಟು ಹತ್ತಾರು ಪಟ್ಟು. ಜೊತೆಗೊಂದು ರೆಸಿಸ್ಟರ್ ಕಟ್ಟದಿದ್ದರೆ ಹೊಗೆ ಗ್ಯಾರಂಟಿ. ತಿರುಗಿಸಿ ಜೋಡಿಸಿದರೆ ಬಾಗಿಲೇ ಬಂದ್. ಅವನಿಗೆ ಪ್ರತ್ಯೇಕ ಪ್ರಯೋಗ, ಪ್ರತ್ಯೇಕ ಗ್ರಾಫು! ಅವನು ಬಾಗಿದರೆ ಗುಣಲಕ್ಷಣ, ನಾನು ಬಾಗಿದರೆ ಉಲ್ಲಂಘನೆ.

ಪ್ರಶ್ನೆ: ಅಸೂಯೆ ಇದ್ದಂತಿದೆ.

ಬಲ್ಬು: ಇರಲಿ ಬಿಡಿ. ಹೊಲದ ಪಂಪ್‌ಸೆಟ್ಟನ್ನ ಕೇಳಿ ಬೇಕಾದರೆ. ವೋಲ್ಟೇಜ್ ಬಿದ್ದಾಗ ನಾನು ಮಂಕಾಗಿ ಕೂರ್ತೀನಿ. ಆ ಮೋಟಾರು ನೀರೆತ್ತೋ ಹೊರೆ ಇಳಿಸಲಾರದೆ ಕರೆಂಟನ್ನ ಇನ್ನೂ ಹೆಚ್ಚು ಎಳೆದು ಕಾಯಿಲ್ ಸುಟ್ಕೊಳ್ಳತ್ತೆ. ವೋಲ್ಟೇಜ್ ಇಳಿಸಿದವರು ಒಬ್ಬರು, ರೀವೈಂಡಿಂಗ್ ದುಡ್ಡು ರೈತನದ್ದು. ಅದು ಯಾವ ಪ್ರಯೋಗದ ಪುಸ್ತಕದಲ್ಲೂ ಇಲ್ಲ.

ಪ್ರಶ್ನೆ: ಹಾಗಾದರೆ ಓಮ್ ಅವರ ಮೇಲೆ...?

ಬಲ್ಬು: ಛೆ ಛೆ! ಅವರೂ ಕಲೋನ್ ಊರಿನಲ್ಲಿ ಮೇಷ್ಟ್ರಾಗಿದ್ದವರು. ಬ್ಯಾಟರಿ ಏರುಪೇರಾಗತ್ತೆ ಅಂತ, ಲೋಹದ ಜೋಡಿಯ ಒಂದು ತುದಿ ಮಂಜುಗಡ್ಡೆಯಲ್ಲಿ, ಇನ್ನೊಂದು ಕುದಿಯೋ ನೀರಲ್ಲಿ ಇಟ್ಟು ಅಳೆದರು. 1827ರಲ್ಲಿ ಪುಸ್ತಕ ಬಂದಾಗ ಸ್ವಂತ ದೇಶದವರೇ ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟಿದ್ದು 1841ರಲ್ಲಿ. ಅಳೆದ ಮೇಲೆ ನಿಯಮ ಬರೆದ ಮನುಷ್ಯ, ಸ್ವಾಮಿ.

ಪ್ರಶ್ನೆ: ಒಂದು ಫೋಟೊ? ಉರಿಯುತ್ತಿದ್ದರೆ ಚೆನ್ನಾಗಿರುತ್ತದೆ.

ಬಲ್ಬು: ಆಗಲಿ. ಆದರೆ ಸೀದಾ 230ಕ್ಕೆ ಹಾಕಬೇಡಿ, ವಯಸ್ಸಾಗಿದೆ. ಡಿಮ್ಮರ್‌ಸ್ಟಾಟ್ ಆ ಕೆಳಗಿನ ಖಾನೆಯಲ್ಲಿದೆ, ಸೊನ್ನೆಯಿಂದ ಮೆಲ್ಲಗೆ ತಿರುಗಿಸಿ.