ಅಂದಾಜುರಾಯರು

ಬೆಂಗಳೂರಿನ ಪೀಣ್ಯದ ಪಂಪುಸೆಟ್ಟು ಕಾರ್ಖಾನೆಗಳಲ್ಲಿ ಯಾವುದನ್ನು ಹೊಕ್ಕರೂ, ಜೋಡಣೆಯ ಅಂಗಳಕ್ಕೂ ಉಗ್ರಾಣಕ್ಕೂ ನಡುವಣ ಗಾಜಿನ ಕೋಣೆಯೊಂದರಲ್ಲಿ, ಒಂದು ಕಿವಿಗೆ ಟೆಲಿಫೋನನ್ನೂ ಇನ್ನೊಂದು ಕಿವಿಗೆ ಪೆನ್ಸಿಲನ್ನೂ ಸಿಕ್ಕಿಸಿಕೊಂಡು, ಇನ್ನೂ ಹುಟ್ಟದಿರುವ ಗಿರಾಕಿಗಾಗಿ ಇನ್ನೂ ಬಾರದಿರುವ ತಾಮ್ರದ ತಂತಿಯಿಂದ ಎಷ್ಟು ಮೋಟಾರುಗಳನ್ನು ಸುತ್ತಿಸಬೇಕೆಂಬುದನ್ನು ನಿರ್ಣಯಿಸುತ್ತ ಕುಳಿತ ಮಹನೀಯರೊಬ್ಬರು ಕಣ್ಣಿಗೆ ಬೀಳದಿರರು. ಕಾಗದಪತ್ರಗಳಲ್ಲಿ ಅವರಿಗೆ ಉತ್ಪಾದನಾ ಯೋಜನಾಧಿಕಾರಿಯೆಂಬ ಗಂಭೀರವಾದ ನಾಮಧೇಯವುಂಟು; ಕಾರ್ಖಾನೆಯ ಜನ ಕರೆಯುವುದು ಮಾತ್ರ ಅಂದಾಜುರಾಯರೆಂದೇ.

ರಾಯರ ಮೇಜಿನಲ್ಲಿ ಒಂಟಿಕೊಪ್ಪಲ್ ಪಂಚಾಂಗ ಸದಾ ಸನ್ನಿಹಿತ. ಬೋರ್‌ವೆಲ್ಲಿನ ಪಂಪುಗಳಿಗೆ ಬೇಡಿಕೆ ಏರುವುದು ಬೇಸಗೆಯ ಬಿಸಿಲಿನಲ್ಲಾದುದರಿಂದ, ಭರಣಿ ಮಳೆ ಹದವಾಗಿ ಬಿದ್ದು ನಾಡಿನ ರೈತವರ್ಗವೆಲ್ಲ ಹರ್ಷಪುಲಕಿತವಾಗಿರುವ ಮುಹೂರ್ತದಲ್ಲಿ, ಉಗ್ರಾಣದ ತುಂಬ ಸಾಲಾಗಿ ಮಲಗಿರುವ ಮೋಟಾರುಗಳನ್ನು ನೋಡುತ್ತ ಮುಗಿಲನ್ನು ಶಪಿಸುವ ಏಕೈಕ ಕನ್ನಡಿಗರು ಇವರು. ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬಾತ 1913ರಲ್ಲಿಯೇ, ಒಂದು ಸಲಕ್ಕೆ ಎಷ್ಟು ಸರಕು ತರಿಸಿದರೆ ಮಿತವ್ಯಯವೆಂಬುದಕ್ಕೆ ವರ್ಗಮೂಲದ ಸೂತ್ರವೊಂದನ್ನು ರಚಿಸಿಟ್ಟಿದ್ದಾನೆ. ರಾಯರು ಅದನ್ನು ಬಲ್ಲರು, ಗೌರವಿಸುವರು, ಬಳಸರು. ಬೇಡಿಕೆ ವರ್ಷವಿಡೀ ಏಕರೂಪವಾಗಿರುವುದೆಂದು ಭಾವಿಸಿ ಲೆಕ್ಕ ಹಾಕಿದ ಆ ಪುಣ್ಯಾತ್ಮನಿಗೆ ಭರಣಿ ಮಳೆಯ ಪರಿಚಯವಿರಲಿಲ್ಲವಷ್ಟೆ.

ಇನ್ನು ಸಂಖ್ಯೆಗಳ ಮಾತು. ಮಾರಾಟದವರು 700 ಬೇಕಾದಾಗ 1,000 ಎನ್ನುವರು. ರಾಯರು ಅದನ್ನು ಮನಸ್ಸಿನಲ್ಲಿಯೇ 800ಕ್ಕೆ ಇಳಿಸಿ, ಬೆಳಗಾವಿಯ ಉದ್ಯಮಬಾಗಿನ ಎರಕದವರಿಗೆ 1,200 ಎಂದು ಬರೆಯುವರು. ಎರಕದವರು, ರಾಯರ ಸ್ವಭಾವವನ್ನು ಬಲ್ಲವರಾದ ಕಾರಣ, 600 ಕಳುಹಿಸಿ ‘ಉಳಿದದ್ದು ದಾರಿಯಲ್ಲಿದೆ’ ಎನ್ನುವರು. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಎಲ್ಲರೂ ವಾಡಿಕೆಯ ಪ್ರಮಾಣದಲ್ಲಿ ಸುಳ್ಳಾಡುತ್ತಿರುವವರೆಗೂ ವ್ಯವಹಾರ ಸುಸೂತ್ರವಾಗಿಯೇ ಸಾಗುತ್ತದೆ. ಹೊಸದಾಗಿ ಬಂದ ತರುಣನೊಬ್ಬ ನಿಜವಾದ ಸಂಖ್ಯೆಯನ್ನೇ ಬರೆದುಬಿಟ್ಟ ತಿಂಗಳಲ್ಲಿ ಮಾತ್ರ ಜೋಡಣೆಯ ಸಾಲು ನಿಂತುಹೋಗುತ್ತದೆ.

ಯಂತ್ರಗಳ ಸಾಮರ್ಥ್ಯವು ಅವುಗಳ ಫಲಕದ ಮೇಲೆಯೇ ಕೆತ್ತಿದೆ. ಮನುಷ್ಯರದು ರಾಯರ ಡೈರಿಯಲ್ಲಿದೆ. ವೈಂಡಿಂಗ್ ವಿಭಾಗದ ಪ್ರತಿಯೊಬ್ಬನ ಊರಿನ ಜಾತ್ರೆ ಯಾವ ತಿಥಿಗೆಂಬುದನ್ನು ಅವರು ಅದರಲ್ಲಿ ಕೆಂಪು ಶಾಯಿಯಿಂದ ಗುರುತಿಸಿದ್ದಾರೆ. ಪಂಪಿಗೆ ಬೇಡಿಕೆಯನ್ನು ತರುವ ಬಿಸಿಲೇ ಜಾತ್ರೆಗಳನ್ನೂ ತರುವುದಷ್ಟೆ. ಕೆಲಸ ಕೇಳಿಕೊಂಡು ಬಂದವನನ್ನು ಅವರು ಮೊಟ್ಟಮೊದಲು ಪ್ರಶ್ನಿಸುವುದು, ‘ನಿಮ್ಮೂರ ತೇರು ಯಾವಾಗಪ್ಪ?’ ಎಂದು.

ಇಷ್ಟೆಲ್ಲ ದೂರದೃಷ್ಟಿಯ ಫಲವಾಗಿ, ತಿಂಗಳ ಕೊನೆಯ ದಿನ, ಆರು ತಿಂಗಳಿಗಾಗುವಷ್ಟು ಇಂಪೆಲ್ಲರುಗಳೂ ವರ್ಷಕ್ಕಾಗುವಷ್ಟು ಕೇಬಲ್ಲೂ ತುಂಬಿರುವ ಉಗ್ರಾಣದಲ್ಲಿ, ಐದು ರೂಪಾಯಿಯ ರಬ್ಬರ್ ಉಂಗುರ ಮಾತ್ರ ಇಲ್ಲವೆಂಬ ಸಂಗತಿ ಬೆಳಕಿಗೆ ಬರುತ್ತದೆ. 300 ಪಂಪುಗಳು ಬಾಯ್ದೆರೆದು ನಿಂತಿರಲು, ಹುಡುಗನೊಬ್ಬನನ್ನು ಸ್ಕೂಟರಿನ ಮೇಲೆ ಎಸ್.ಜೆ.ಪಿ. ರಸ್ತೆಗೆ ಅಟ್ಟಲಾಗುತ್ತದೆ. ಅವನು ಗೇಟು ದಾಟುವಷ್ಟರಲ್ಲಿ ರಾಯರು ಕಿಟಕಿಯಿಂದ ತಲೆ ಹಾಕಿ ಕೂಗುವರು: ‘ಮುನ್ನೂರಲ್ಲ ಕಣೋ, ಒಂಬೈನೂರು ತಾ! ಅಂಗಡಿಯವನ ಹತ್ತಿರ ಮಾತ್ರ ಎರಡು ಸಾವಿರ ಬೇಕು ಅಂತ ಹೇಳು!’