ಇರಲಿ, ಬೇಕಾಗತ್ತೆ

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬೀದಿಯ ಯಾವುದೋ ಮನೆಯಿಂದ ‘ಜಲ್’ ಎಂದು ಶಬ್ದ ಬಂದರೆ ಯಾರೂ ಓಡಿಬರಬೇಕಾಗಿಲ್ಲ. ಪಾತ್ರೆ ಉರುಳಿಲ್ಲ, ಗಾಜು ಒಡೆದಿಲ್ಲ. ರಾಯರು ಹಾಲ್‌ನಲ್ಲಿ ಹಳೇ ಪೇಪರ್ ಹಾಸಿ ಡಾಲ್ಡಾ ಡಬ್ಬಿ ಮಗುಚಿದ್ದಾರೆ, ಅಷ್ಟೆ. ಕುಕ್ಕರಿನ ಹಿಡಿ ಲೊಡಲೊಡ ಅನ್ನುತ್ತಿದೆ ಎಂದು ಮನೆಯಾಕೆ ಹೇಳಿ ಮುಕ್ಕಾಲು ಗಂಟೆಯಾಯಿತು. ಬೇಕಾಗಿರುವುದು ಒಂದೇ ಒಂದು ಸ್ಕ್ರೂ. ಪೇಪರಿನ ಮೇಲೆ ಬಿದ್ದಿರುವುದು ಬೊಗಸೆಗಟ್ಟಲೆ.

“ಸಿಕ್ತಾ?”

“ಸಿಗತ್ತೆ. ಇಲ್ಲೇ ಎಲ್ಲೋ ಇತ್ತು.”

“ಮೂಲೆ ಅಂಗಡೀಲಿ ಎರಡು ರೂಪಾಯಿಗೆ ಬರತ್ತಲ್ರೀ.”

“ಮನೇಲಿ ಇಷ್ಟು ಇಟ್ಕೊಂಡು ಅಂಗಡಿಗೆ ಹೋಗೋದೇನೇ?”

ಈ ಕೊನೆಯ ಮಾತಿಗೆ ಉತ್ತರವಿಲ್ಲದೆ ಆಕೆ ಒಳಗೆ ಹೋಗುತ್ತಾರೆ. ಹಿಡಿಗೆ ಮಸಿಬಟ್ಟೆ ಸುತ್ತಿ ಕುಕ್ಕರ್ ಇಳಿಸುತ್ತಾರೆ.

ರಾಯರು ಎನ್ನುವುದು ಅನುಕೂಲಕ್ಕೆ ಇಟ್ಟುಕೊಂಡ ಹೆಸರು. ಮೈಸೂರಿನ ಸರಸ್ವತಿಪುರಂನಲ್ಲಿ ಇವರು ವಿಜ್ಞಾನದ ಮೇಷ್ಟ್ರಾಗಿರಬಹುದು, ಬೆಂಗಳೂರಿನ ಜಾಲಹಳ್ಳಿಯಲ್ಲಿ ಫ್ಯಾಕ್ಟರಿಯಿಂದ ನಿವೃತ್ತರಾದ ಫೋರ್‌ಮನ್ ಆಗಿರಬಹುದು, ಹುಬ್ಬಳ್ಳಿಯಲ್ಲಿ ರೈಲ್ವೆ ವರ್ಕ್‌ಶಾಪಿನ ಕಾಕಾ ಆಗಿರಬಹುದು. ಅಲ್ಲಿ ಸ್ಪ್ಯಾನರ್ ಹೋಗಿ ಪಾನಾ ಆಗುತ್ತದೆ. ಡಬ್ಬಿ ಮಾತ್ರ ಡಬ್ಬಿಯೇ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಇರುತ್ತದೆ. ನಡೆಯುವಾಗ ದೃಷ್ಟಿ ನೆಲದ ಮೇಲೆ. ನೋಡಿದವರು ವಿನಯವಂತರು ಅಂದುಕೊಳ್ಳುತ್ತಾರೆ. ಪಾರ್ಕಿಗೆ ವಾಕಿಂಗ್ ಹೋದವರು ಥಟ್ಟನೆ ಬಗ್ಗಿದರೆ ಚಪ್ಪಲಿ ಸರಿಮಾಡಿಕೊಳ್ಳುತ್ತಿಲ್ಲ; ಯಾವುದೋ ಆಟೋದಿಂದ ಉದುರಿದ ನಟ್ಟು ಸಿಕ್ಕಿದೆ.

ರಾಯರ ಸಂಗ್ರಹದಲ್ಲಿ ಒಂದು ವರ್ಣಾಶ್ರಮವೇ ಇದೆ. ಡಾಲ್ಡಾ ಡಬ್ಬಿ ಮೂಲಪುರುಷ. ಅದರ ಹಳದಿ ಹೋಗಿ ಈಗ ತುಕ್ಕೇ ಬಣ್ಣ. ಕುಲಗೋತ್ರ ಗೊತ್ತಿಲ್ಲದವೆಲ್ಲ ಅದರೊಳಗೆ. ಹಾರ್ಲಿಕ್ಸ್ ಬಾಟಲಿ ಗಾಜಿನದು, ಹೊರಗೆ ಕಾಣುತ್ತದೆ, ಹಾಗಾಗಿ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳಿಗೆ ಮಾತ್ರ ಪ್ರವೇಶ. ಬೂಟ್ ಪಾಲಿಶ್ ಡಬ್ಬಿಯಲ್ಲಿ ವಾಷರ್‌ಗಳು. ಫಿಲ್ಮ್ ರೋಲಿನ ಕರೀ ಡಬ್ಬಿಯಲ್ಲಿ ಕನ್ನಡಕ, ಗಡಿಯಾರದ ಸ್ಕ್ರೂಗಳು. ಅವನ್ನು ನೋಡಲು ಇನ್ನೊಂದು ಕನ್ನಡಕ ಬೇಕು. ಮಗ ವಿದೇಶದಿಂದ ತಂದ ಬಿಸ್ಕತ್ತಿನ ನೀಲಿ ಡಬ್ಬ ಇನ್ನೂ ಖಾಲಿಯಾಗಿರಲಿಲ್ಲ, ಆಗಲೇ ರಾಯರು ಅದರ ಮುಚ್ಚಳ ತಟ್ಟಿ ನೋಡಿದ್ದರು. ಒಂದು ಬೇಸಿಗೆ ರಜೆಯಲ್ಲಿ ಮೊಮ್ಮಗಳು ಕೂತು ಎಲ್ಲಕ್ಕೂ ಚೀಟಿ ಅಂಟಿಸಿದಳು. ಕೊನೆಯಲ್ಲಿ ಉಳಿದ ಐದು ಡಬ್ಬಿಗಳ ಮೇಲೆ ‘ಇತರೆ’ ಎಂದು ಬರೆದಳು.

ಇಷ್ಟೊಂದು ಬಂದದ್ದು ಎಲ್ಲಿಂದ? ಮೊದಲನೆಯ ಮೂಲ ಹಾರ್ಡ್‌ವೇರ್ ಅಂಗಡಿ. ಕನ್ನಡಿ ನೇತುಹಾಕಲು ಎರಡು ಸ್ಕ್ರೂ ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ. “ಲೂಸ್ ಕೊಡಲ್ಲ ಸಾರ್, ಪ್ಯಾಕೆಟ್ ತಗೊಳ್ಳಿ.” ಪ್ಯಾಕೆಟ್ಟಿನಲ್ಲಿ ನೂರು. ಎರಡು ಗೋಡೆಗೆ, ತೊಂಬತ್ತೆಂಟು ಡಬ್ಬಿಗೆ. ಎರಡನೆಯದು ಶವಪರೀಕ್ಷೆ. ಕೆಟ್ಟ ಮಿಕ್ಸಿ, ಓಡದ ಗಡಿಯಾರ, ಮಾತು ನಿಲ್ಲಿಸಿದ ರೇಡಿಯೊ, ಯಾವುದೂ ಈ ಮನೆಯಿಂದ ಇಡಿಯಾಗಿ ಗುಜರಿಗೆ ಹೋದದ್ದಿಲ್ಲ. ಗುಜರಿಯವನಿಗೆ ಸಿಗುವುದು ಚಿಪ್ಪು.

ಮೂರನೆಯ ಮೂಲ ಸ್ವಲ್ಪ ಸೂಕ್ಷ್ಮವಾದದ್ದು. ರಾಯರು ಫ್ಯಾನ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದಾಗಲೆಲ್ಲ ಕೈಯಲ್ಲಿ ಒಂದು ಸ್ಕ್ರೂ ಉಳಿಯುತ್ತದೆ. “ಕಂಪನಿಯವನು ಒಂದು ಹೆಚ್ಚಿಗೇ ಹಾಕಿದ್ದ” ಎಂದು ಅದನ್ನು ಡಬ್ಬಿಗೆ ಹಾಕುತ್ತಾರೆ. ಮನೆಯಾಕೆ ಅಂದಿನಿಂದ ಮಂಚವನ್ನು ಎರಡಡಿ ಈಚೆಗೆ ಎಳೆದುಕೊಂಡು ಮಲಗುತ್ತಾರೆ.

ನಾಲ್ಕನೆಯದು ಇತ್ತೀಚಿನದು. 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದ ಮೇಲೆ, ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವ ಮೇಜು–ಕಪಾಟುಗಳು ಬೆಂಗಳೂರಿನ ಮಧ್ಯಮ ವರ್ಗಕ್ಕೆ ಇನ್ನಷ್ಟು ಹತ್ತಿರವಾದವು. ಮಗನ ಫ್ಲ್ಯಾಟಿಗೆ ಇಂಥ ಪೆಟ್ಟಿಗೆ ಬಂದ ದಿನ ರಾಯರು ಕರೆಯದೆಯೇ ಹೋಗುತ್ತಾರೆ. ಮೇಜು ಮಗನಿಗೆ, ಎಲ್‌ ಆಕಾರದ ಅಲೆನ್ ಕೀ ಅಪ್ಪನಿಗೆ. ಈಗ ಅವರ ಬಳಿ ಒಂದೇ ಅಳತೆಯ ಏಳು ಅಲೆನ್ ಕೀಗಳಿವೆ.

ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಈ ಸಾಮ್ರಾಜ್ಯದ ವಿಚಾರಣೆ ನಡೆಯುತ್ತದೆ. ಸುತ್ತಿಗೆ, ಕಟಿಂಗ್ ಪ್ಲೇಯರ್, ಸ್ಪ್ಯಾನರ್‌ಗಳು ಸೀಮೆಎಣ್ಣೆಯಲ್ಲಿ ಮಿಂದು ಕುಂಕುಮಕ್ಕೆ ಕಾಯುತ್ತಿರುತ್ತವೆ. “ಈ ಸಲ ಇದಿಷ್ಟನ್ನೂ ಇತ್ಯರ್ಥ ಮಾಡಿಬಿಡಿ” ಎಂದು ಮನೆಯಾಕೆ ಮೊರ ತಂದಿಡುತ್ತಾರೆ. ರಾಯರು ನ್ಯಾಯಾಧೀಶರಂತೆ ಕೂತು ನಾಲ್ಕು ಗುಡ್ಡೆ ಮಾಡುತ್ತಾರೆ: ‘ಬೇಕು’, ‘ಬೇಕಾಗತ್ತೆ’, ‘ಇರಲಿ’, ‘ನೋಡೋಣ’. ಐದನೆಯ ಗುಡ್ಡೆ ಆಗಲೇಬೇಕೆಂದು ಆಕೆ ಹಟ ಹಿಡಿದ ಮೇಲೆ ‘ಬಿಸಾಕೋದು’ ಎಂಬ ಗುಡ್ಡೆ ಹುಟ್ಟುತ್ತದೆ. ಸಂಜೆಯ ಹೊತ್ತಿಗೆ ಅದರಲ್ಲಿ ಸೊಟ್ಟ ಮೊಳೆ ಎರಡು, ತಲೆ ಹಾರಿದ ಸ್ಕ್ರೂ ಒಂದು. ರಾತ್ರಿ ನೀರು ಕುಡಿಯಲು ಎದ್ದ ರಾಯರು ಮೊಳೆಗಳನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿ ಒಳಗಿಡುತ್ತಾರೆ. ಶಿಕ್ಷೆಯಾಗುವುದು ಸ್ಕ್ರೂ ಒಂದಕ್ಕೇ.

ಇದನ್ನು ಬರೀ ಜಿಪುಣತನ ಎಂದರೆ ರಾಯರಿಗೆ ನೋವಾಗುತ್ತದೆ. ಅವರ ಬಳಿ ಇತಿಹಾಸವಿದೆ, ಮತ್ತು ಅದನ್ನು ಕೇಳದೆ ಯಾರೂ ಎದ್ದುಹೋಗುವಂತಿಲ್ಲ. ಹಿಂದೆಲ್ಲ ನಟ್ಟು ಬೋಲ್ಟಿನದು ಪತಿವ್ರತಾ ಧರ್ಮ. ಒಂದೊಂದನ್ನೂ ಕುಶಲಕರ್ಮಿ ಕೈಯಲ್ಲಿ ಹೊಂದಿಸಿ ಮಾಡುತ್ತಿದ್ದುದರಿಂದ, ಈ ಬೋಲ್ಟಿನ ನಟ್ಟು ಆ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬಾತ, ಎಲ್ಲರೂ ಥ್ರೆಡ್ಡಿನ ಕೋನವನ್ನು 55 ಡಿಗ್ರಿ ಇಡೋಣ, ಇಂತಿಷ್ಟು ದಪ್ಪಕ್ಕೆ ಇಂಚಿಗೆ ಇಂತಿಷ್ಟು ಸುತ್ತು ಇರಲಿ ಎಂದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್, ಬೇಡ, 60 ಡಿಗ್ರಿಯೇ ಸುಲಭ ಎಂದ. ಅರ್ಧ ಇಂಚಿನ ಬೋಲ್ಟಿಗೆ ಇಂಗ್ಲೆಂಡಿನಲ್ಲಿ ಇಂಚಿಗೆ 12 ಸುತ್ತು, ಅಮೆರಿಕದಲ್ಲಿ 13. ಈ ಒಂದು ಸುತ್ತಿನ ಜಗಳ ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಕ್ಷಗಳಿಗೆ ತಲೆನೋವಾಯಿತು: ಇವರ ಯಂತ್ರಕ್ಕೆ ಅವರ ಬೋಲ್ಟಿಲ್ಲ. ಕಡೆಗೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಒಂದೇ ಅಳತೆಗೆ ರುಜು ಹಾಕಿದವು. ನಾವು 1956ರಲ್ಲಿ ಕಾಯ್ದೆ ಮಾಡಿ ಮೆಟ್ರಿಕ್ ಪದ್ಧತಿಗೆ ತಿರುಗಿದೆವು.

“ಹಾಗಾದ್ರೆ ಹಳೇ ಇಂಚಿನದೆಲ್ಲ ಬಿಸಾಕಬಹುದಲ್ಲ ಮಾವ?” ಎಂದಳು ಸೊಸೆ.

“ಅಳತೆ ಹೊಸದಾಯ್ತಮ್ಮ. ಅಪ್ಪನ ಕಾಲದ ಮಂಚ ಹಾಗೇ ಇದೆಯಲ್ಲ.”

ನಿಜ ಹೇಳಬೇಕೆಂದರೆ ಈ ಮಿಶ್ರ ಸಂಸಾರವೇ ಡಬ್ಬಿಯ ದೊಡ್ಡ ಕಾಟ. ಕಾಲಿಂಚಿನ ಬೋಲ್ಟಿನ ದಪ್ಪ 6.35 ಮಿ.ಮೀ.; ಎಂ6 ಬೋಲ್ಟಿನದು 6 ಮಿ.ಮೀ. ಪಕ್ಕದಲ್ಲಿಟ್ಟರೆ ಅವಳಿಗಳು. ಕಾಲಿಂಚಿನದಕ್ಕೆ ಇಂಚಿಗೆ 20 ಸುತ್ತು. ಎಂ6ಗೆ ಒಂದೊಂದು ಮಿ.ಮೀ.ಗೆ ಒಂದು, ಅಂದರೆ ಇಂಚಿಗೆ 25ಕ್ಕೂ ಮೇಲೆ. ಇದರ ಬೋಲ್ಟಿಗೆ ಅದರ ನಟ್ಟು ಹಾಕಿ ತಿರುಗಿಸಿದರೆ ಮೊದಲು ‘ಬಂತು ಬಂತು’ ಎನ್ನಿಸುತ್ತದೆ. ಆಮೇಲೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬಾಡಿಗೆ ಕೊಡದ ಬಾಡಿಗೆದಾರನಂತೆ ಬಿಗಿಯೂ ಆಗದೆ ಬಿಟ್ಟೂ ಹೋಗದೆ ಅಲ್ಲಾಡುತ್ತದೆ. ರಾಯರ ಎಷ್ಟೋ ಭಾನುವಾರಗಳು ಈ 0.35 ಮಿ.ಮೀ. ಸಂದಿನಲ್ಲಿ ಬಿದ್ದುಹೋಗಿವೆ.

ಸಂಗ್ರಹದ ಕಿರೀಟಮಣಿ ಬೇರೆಯೇ ಇದೆ: ಎಡಮುರಿ ನಟ್ಟುಗಳು. ಲೋಕದ ನಟ್ಟುಗಳೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿಯಾದರೆ ಇವು ಎಡಕ್ಕೆ. ಸೈಕಲ್ಲಿನ ಎಡ ಪೆಡಲ್ ಹೀಗೆಯೇ; ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳಬಾರದೆಂದು. ಎಷ್ಟೋ ಟೇಬಲ್ ಫ್ಯಾನುಗಳ ರೆಕ್ಕೆ ಹಿಡಿಯುವ ಮುಚ್ಚಳವೂ ಹಾಗೆಯೇ. ರಾಯರು ಇವನ್ನು ಬಲಮುರಿ ಶಂಖದಷ್ಟೇ ಭಕ್ತಿಯಿಂದ ಬೇರೆ ಡಬ್ಬಿಯಲ್ಲಿಟ್ಟಿದ್ದಾರೆ. ಬಂದ ನೆಂಟರಿಗೆ ಕಾಫಿಗೆ ಮೊದಲು ಇದರ ದರ್ಶನ.

ಒಮ್ಮೆ ಎಂಜಿನಿಯರ್ ಅಳಿಯ ಧೈರ್ಯ ಮಾಡಿ ವಿರುದ್ಧ ಪಕ್ಷ ವಹಿಸಿದ. ಮಾವನವರ ಡಬ್ಬಿಯಿಂದ ಒಂದು ನೈಲಾಕ್ ನಟ್ಟು ಎತ್ತಿ ತೋರಿಸಿದ. ಒಳಗಿನ ನೈಲಾನ್ ಉಂಗುರ ಥ್ರೆಡ್ಡನ್ನು ಕಚ್ಚಿ ಹಿಡಿದುಕೊಳ್ಳುವುದರಿಂದಲೇ ಅದು ಸಡಿಲವಾಗುವುದಿಲ್ಲ; ಬಿಚ್ಚಿ ಹಾಕಿ ಮಾಡಿದಷ್ಟೂ ಆ ಹಿಡಿತ ಸವೆಯುತ್ತದೆ. ಚಪ್ಪಟೆಯಾದ ಸ್ಪ್ರಿಂಗ್ ವಾಷರ್ ಬರೀ ವಾಷರ್. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದು 800 ಮೆಗಾಪಾಸ್ಕಲ್‌ವರೆಗೆ ಎಳೆತ ತಡೆಯುವ ಜಾತಿ, 4.6 ಎಂದಿದ್ದರೆ ಅದರ ಅರ್ಧ. ತಲೆ ಸವೆದು ಅಂಕಿಯೇ ಕಾಣದಿದ್ದರೆ ಕುರ್ಚಿಗೆ ಹಾಕಬಹುದು, ಸ್ಕೂಟರಿಗೆ ಹಾಕುವುದು ಬೇಡ.

ಬ್ರಹ್ಮಾಸ್ತ್ರವನ್ನು ಕೊನೆಗೆ ಬಿಟ್ಟ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಕಾಕ್‌ಪಿಟ್ ಗಾಜು, 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ನರ ಅರ್ಧ ದೇಹ ಹೊರಗೆ. ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಹಾರಾಟಕ್ಕೆ ಸ್ವಲ್ಪ ಮುಂಚೆ ಹೊಸ ಗಾಜು ಕೂರಿಸಿದ್ದರು. ಅದಕ್ಕೆ ಹಾಕಿದ 90 ಬೋಲ್ಟುಗಳಲ್ಲಿ 84ರ ದಪ್ಪ ಬೇಕಾದುದಕ್ಕಿಂತ ಸುಮಾರು 0.66 ಮಿ.ಮೀ. ಕಡಿಮೆ, ಉಳಿದ ಆರು ಗಿಡ್ಡ. ಹಾಕಿದವರು ಪುಸ್ತಕ ನೋಡದೆ, ಬಿಚ್ಚಿದ ಬೋಲ್ಟಿನ ಪಕ್ಕ ಹಿಡಿದು ಕಣ್ಣಳತೆಯಲ್ಲೇ ಹೊಂದಿಸಿದ್ದರು.

ಹಾಲ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಒಗ್ಗರಣೆ ಹಾಕುತ್ತಿದ್ದ ಅತ್ತೆಯೂ ಸೌಟು ಹಿಡಿದೇ ಹೊರಗೆ ಬಂದರು. ರಾಯರು ತಲೆದೂಗಿದರು.

“ನೋಡಪ್ಪಾ, ಅದಕ್ಕೇ ನಾನು ಹೇಳೋದು. ಸರಿಯಾದ ಸೈಜು ಕೈಗೆ ಸಿಗಬೇಕು ಅಂದ್ರೆ ಎಲ್ಲಾ ಸೈಜೂ ಮನೇಲಿ ಇಟ್ಕೊಂಡಿರಬೇಕು.”

ಅಳಿಯ ಆಮೇಲೆ ಡಬ್ಬಿಯ ವಿಷಯ ಎತ್ತಿಲ್ಲ. ಆದರೂ ಅವನು ಹೋದ ಮೇಲೆ ರಾಯರು ಅರ್ಧ ದಿನ ಕೂತು ಕೆಲವನ್ನು ನಿಜಕ್ಕೂ ತೆಗೆದಿಟ್ಟರು. ಸವೆದ ನೈಲಾಕ್‌ಗಳು, ಥ್ರೆಡ್ ಹೋದವು, ತಲೆಯ ಗೀರು ಸವೆದು ತಿರುಪುಳಿ ಜಾರುವ ಸ್ಟಾರ್ ಸ್ಕ್ರೂಗಳು, ಉಗುರಿನಲ್ಲಿ ಕೆರೆದರೆ ಪುಡಿಯುದುರುವಷ್ಟು ತುಕ್ಕು ಹಿಡಿದವು. ಎಲ್ಲ ಸೇರಿ ಒಂದು ಹಾಲಿನ ಕವರ್ ತುಂಬ. ಗುಜರಿಯವನು ತಕ್ಕಡಿಗೆ ಹಾಕಿ, “ಇಷ್ಟೇನಾ ಸಾರ್?” ಎಂದ. ಕೊಟ್ಟ ದುಡ್ಡಿಗೆ ಅರ್ಧ ಕಟ್ಟು ಕೊತ್ತಂಬರಿಯೂ ಬರುತ್ತಿರಲಿಲ್ಲ. ರಾಯರು ಮಾತ್ರ ಗಾಡಿ ತಿರುವು ದಾಟುವವರೆಗೂ ಗೇಟಿನಲ್ಲೇ ನಿಂತಿದ್ದರು.

ಮರುವಾರವೇ ಮೊಮ್ಮಗ ಬಂದ. ಯಾವುದೋ ಪ್ರಾಜೆಕ್ಟಿಗೆ ವಿಡಿಯೊ ಮಾಡಬೇಕು. ಟ್ರೈಪಾಡಿನ ಕಾಲು ಮುರಿದಿದೆ, ಮೊಬೈಲ್ ಕಚ್ಚಿ ಹಿಡಿಯುವ ಹೋಲ್ಡರ್ ಮಾತ್ರ ಉಳಿದಿದೆ. ಅದರ ತಳದಲ್ಲಿ ಒಂದು ಥ್ರೆಡ್ ಇರುವ ತೂತು. “ತಾತ, ಎಂ6 ಹಾಕಿ ನೋಡ್ದೆ, ಆಡತ್ತೆ.” ರಾಯರು ತೂತನ್ನು ಬೆಳಕಿಗೆ ಹಿಡಿದು ನೋಡಿದರು, ಡಾಲ್ಡಾ ಡಬ್ಬಿ ಮಗುಚಿದರು, ಮುಕ್ಕಾಲು ಗಂಟೆ ಹುಡುಕಿ ಅಪ್ಪನ ಮಂಚದ ಒಂದು ಕಾಲಿಂಚಿನ ಬೋಲ್ಟನ್ನು ಎತ್ತಿದರು. ಹಲಗೆಗೆ ತೂತು ಹೊಡೆದು, ಕೆಳಗಿನಿಂದ ಬೋಲ್ಟು ತೂರಿಸಿ, ವಾಷರ್ ಕೊಟ್ಟು ಹೋಲ್ಡರನ್ನು ತಿರುಗಿಸಿದರೆ ಬೆಣ್ಣೆಯಂತೆ ಹೋಗಿ ಕೂತಿತು. ಲೋಕವೆಲ್ಲ ಮೆಟ್ರಿಕ್ ಆದರೂ ಕ್ಯಾಮೆರಾ ಟ್ರೈಪಾಡಿನ ಸ್ಕ್ರೂ ಇವತ್ತಿಗೂ ಕಾಲಿಂಚಿನದೇ, ಇಂಚಿಗೆ 20 ಸುತ್ತಿನದೇ. ವಿಟ್‌ವರ್ತ್‌ನ ಹಳೆಯ ಬೋಲ್ಟು ಅದರಲ್ಲಿ ಸಲೀಸಾಗಿ ಹಿಡಿಯುತ್ತದೆ.

ರಾಯರು ಏನೂ ಹೇಳಲಿಲ್ಲ. ಅಡುಗೆಮನೆಯ ಬಾಗಿಲಿಗೆ ಕಾಣುವಂತೆ ಹಲಗೆಯನ್ನು ಟೀವಿಯ ಮೇಲಿಟ್ಟು, ಒಂದು ಲೋಟ ಕಾಫಿ ಕೇಳಿದರು.

ಆ ವರ್ಷ ಡಬ್ಬಿಯಿಂದ ಉಪಯೋಗಕ್ಕೆಂದು ಹೊರಗೆ ಹೋದದ್ದು ಆ ಒಂದು ಬೋಲ್ಟು, ಒಂದು ವಾಷರ್. ಅದೇ ಸಂಜೆ ಮುರಿದ ಟ್ರೈಪಾಡನ್ನು ಬಿಚ್ಚಿದ್ದರಿಂದ ಒಳಗೆ ಬಂದದ್ದು ಹದಿನೇಳು. ಕುಕ್ಕರಿನ ಹಿಡಿಗೆ ಮೂಲೆ ಅಂಗಡಿಯಿಂದ ಸ್ಕ್ರೂ ತಂದು ಹಾಕಿದವರು ಮನೆಯಾಕೆ.